ಕತ್ತುಮುರ್ಕ

ಬೋರ್ಡಿನಲ್ಲಿ ಇದರ ಹೆಸರು ಮಿಂಚುಳ್ಳಿ.
ಹಾಸನದಲ್ಲಿ ಯಾರೂ ಹಾಗೆ ಕರೆದದ್ದಿಲ್ಲ.
ಅರಸೀಕೆರೆ ರಸ್ತೆಯ ಬಸ್ಸಿನ ಕಂಡಕ್ಟರೂ
ನಮ್ಮ ಗೇಟಿನ ಮುಂದೆ ಸೀಟಿ ಊದಿ
'ಯಾರ್ರೀ ಕತ್ತುಮುರ್ಕ, ಇಳೀರಿ' ಅನ್ನುತ್ತಾನೆ.

ಹತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ,
ಟಿಕೆಟ್ಟಿನ ಕಿಟಕಿ ತೆರೆಯುವ ಮುಂಚೆ
ಖಾಲಿ ಬಂಡಿಯ ಮುಂದಿನ ಸೀಟಿನಲ್ಲಿ ನಾನೊಬ್ಬನೇ.
ಸರಪಳಿ ಕಟಕಟ ಎಳೆದುಕೊಂಡು ಹೋಗುತ್ತದೆ,
ತುದಿಯಲ್ಲಿ ಒಂದು ಗಳಿಗೆ ಸೀಗೆಗುಡ್ಡ,
ಆಮೇಲೆ ಹೊಟ್ಟೆಯೊಂದು ಕಡೆ ನಾನೊಂದು ಕಡೆ,
ಒಂದನೇ ತಿರುವು, ಎರಡನೇ ತಿರುವು,
ಮೂರನೆಯದರಲ್ಲಿ
ಮಗ್ಗಿ ತಪ್ಪಿದವನ ಕಿವಿಯ ಬುಡಕ್ಕೆ ಬೀಳುವ ಹಾಗೆ
ಒಂದು.
ದೇವರಿಗೆ ಕೈಮುಗಿಯಲು ನಾನು ಮರೆತ ದಿನ ಉಂಟು,
ಕೊಡುವುದನ್ನು ಅದು ಮರೆತ ದಿನವಿಲ್ಲ.

'ಶಿರಾಡಿ ಘಾಟಿಯಲ್ಲಿ ಪುಕ್ಕಟೆ ಸಿಗೋದಕ್ಕೆ
ಇಲ್ಲಿ ಎಂಬತ್ತು ರೂಪಾಯಿ'
ಎಂದು ಲಾರಿ ಡ್ರೈವರೊಬ್ಬ ಇಳಿದು ನಕ್ಕಿದ್ದ.
ನಾನೂ ನಕ್ಕಿದ್ದೆ, ನೋಯದ ಕಡೆಗೆ ತಿರುಗಿ.
ಎಡಕ್ಕೆ ಹೊರಳಲಾಗದ ಗಂಡನಿಗಾಗಿ
ಹತ್ತು ವರ್ಷದಿಂದ ಬಲಗಡೆಗೇ ಹಾಸಿಕೊಳ್ಳುತ್ತಾಳೆ ಸಣ್ಣತಾಯಿ.

ಹೋದ ಡಿಸೆಂಬರಿನಲ್ಲಿ ಆಲೂರಿನ ಶಾಲೆಯ ಹುಡುಗಿ
ಮೂರನೇ ತಿರುವಲ್ಲಿ ನಾಲಗೆ ಕಚ್ಚಿಕೊಂಡಳು.
ಕರ್ಚೀಫು ಕೆಂಪು ಮಾಡಿಕೊಂಡು ಇಳಿದು
'ಅಂಕಲ್, ಇನ್ನೊಂದ್ಸಲ' ಅಂದಳು.
ಅವಳ ಟೀಚರು ಬೈಯಲಿಲ್ಲ.
ಆ ಕರ್ಚೀಫನ್ನು ನನ್ನ ಕೈಯಲ್ಲಿಟ್ಟು ಹೋದರು.

ಸಾಹುಕಾರ ಚಿಕ್ಕೀರೇಗೌಡರು ಬಣ್ಣ ಬಳೀರಿ ಸಾಕು ಅಂದರು,
'ಹೆಣ್ಣು ನೋಡೋಕೆ ಬಂದೋರು
ಬಾಯಿ ತೆಗೆಸಿ ದವಡೆ ನೋಡ್ತಾರೇನಯ್ಯ?'
'ತಮ್ಮ ದವಡೆ ಉದುರಿದ್ರೆ ನೋಡ್ತಾರೆ ಗೌಡ್ರೇ'
ಅಂದವನು ವೆಲ್ಡಿಂಗಿನ ಇಲಿಯಾಜ್.

ತೂಗುಗುಂಡು ಬಿಟ್ಟು ನೋಡಿದೆವು.
ಇಷ್ಟು ವರ್ಷ ನಾವು ಬೈದದ್ದೆಲ್ಲ ತಿರುವನ್ನು.
ಕುಸಿದದ್ದು ಹನ್ನೊಂದನೇ ಕಂಬ,
ಮೊದಲ ಮಳೆಗಾಲದಲ್ಲೇ ಇರಬೇಕು,
ಒಂದೇ ಒಂದು ಬೆರಳು,
ಯಾರಿಗೂ ಹೇಳದೆ.

ಜಾಕಿ ಕೊಟ್ಟು ಎತ್ತಿದೆವು. ಬುಡಕ್ಕೆ ತಗಡು,
ಒಂದು, ಎರಡು, ಸಾಲದು, ಇನ್ನೂ ಮೂರು.
ಹಳಿಯ ಬೆಸುಗೆಯನ್ನು ಗ್ರೈಂಡರಿನಲ್ಲಿ ಉಜ್ಜಿ
ಇಲಿಯಾಜ್ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸುತ್ತಾನೆ,
ಕೂಸಿನ ವಸಡಿನಲ್ಲಿ ಹಲ್ಲು ಹುಡುಕುವ ಹಾಗೆ.
ಕೊಯಮತ್ತೂರಿನಿಂದ ಹೊಸ ಗಾಲಿ ಬಂದವು,
ಹಲಸಿನ ತೊಳೆಯ ಬಣ್ಣದವು.
ಹಳೆಯವನ್ನು ಒಂದು ಮೂಲೆಗೆ ಸುರಿದೆವು,
ಎಲ್ಲವೂ ಒಂದೇ ಮಗ್ಗುಲಿಗೆ ಸವೆದಿದ್ದವು, ನನ್ನ ಹಾಗೆ.

ಮರಳಿನ ಮೂಟೆ ಕೂರಿಸಿ ಓಡಿಸಬೇಕು ಅಂತ ಪುಸ್ತಕದಲ್ಲಿದೆ.
ಮರಳಿನ ರೇಟು ಕೇಳಿದ ಗೌಡರು
ಎಪಿಎಂಸಿಯಿಂದ ಆಲೂಗಡ್ಡೆ ಹೇರಿಸಿಕೊಂಡು ಬಂದರು,
'ಸಂಜೆಗೆ ವಾಪಸ್ ಕೊಟ್ರಾಯ್ತು.'
ಇಪ್ಪತ್ನಾಲ್ಕು ಮೂಟೆ, ಸೀಟಿಗೊಂದು,
ಎದೆಗೆ ಕಂಬಿ, ಸೊಂಟಕ್ಕೆ ಬೆಲ್ಟು.
ಚೀಲದ ಕಿವಿಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತ
ಮಣ್ಣಿನೊಳಗೆ ಹುಟ್ಟಿದವು
ಆಕಾಶಕ್ಕೆ ಹೋಗಿ ಬಂದವು, ಕಿರುಚಲೂ ಇಲ್ಲ.

ಪರೀಕ್ಷಕಿ ಕ್ಯಾಂಟೀನಿನ ಜವರಮ್ಮ.
ರಿಪೇರಿಗೆ ಮುಂಚೆ ಹೀಗೇ ಓಡಿಸಿದಾಗ
ಬೋಂಡಕ್ಕೆಂದು ಎರಡು ಬುಟ್ಟಿ ಜಜ್ಜಿದ್ದು ಸಿಕ್ಕಿತ್ತು ಅವಳಿಗೆ.
ಈ ಸಲ ಟಾರ್ಪಾಲಿನ ಮೇಲೆ ಸುರಿದು
ಒಂದೊಂದನ್ನೂ ತಿರುವಿ, ಮೂಸಿ,
ಸೆರಗಿಗೆ ಕೈ ಒರೆಸಿಕೊಂಡಳು,
'ಸಿಪ್ಪೇನೂ ತರಚಿಲ್ಲ ಕಣಪ್ಪ.
ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿದ್ರಿ.'

ಇವತ್ತು ಮುಂದಿನ ಸೀಟಿಗೆ ನಾನು.
ಕಟಕಟ. ಸೀಗೆಗುಡ್ಡ. ಹೊಟ್ಟೆ.
ಒಂದು. ಎರಡು.
ಮೂರನೆಯದು ಬರುವ ಮೊದಲೇ
ಭುಜ ತಾನಾಗಿ ಎದ್ದಿತು, ಹಲ್ಲು ಕಚ್ಚಿತು,
ಕತ್ತಿನ ಎಡಗಡೆಯ ನರ ಬಾವಿಹಗ್ಗವಾಗಿ ಬಿಗಿಯಿತು

ಬೀಳಲಿಲ್ಲ.

ಬೆಣ್ಣೆಯಿಂದ ಕೂದಲೆಳೆದ ಹಾಗೆ
ಬಂಡಿ ದಾಟಿಹೋಯಿತು.
ನೋವು ಮಾತ್ರ ಬಂತು,
ಯಾರೂ ಹೊಡೆಯದೆ, ಹಳೆಯ ಜಾಗಕ್ಕೆ,
ಸರಿಯಾದ ಹೊತ್ತಿಗೆ.

ಕೆಳಗೆ ಇಲಿಯಾಜ್ ಬ್ರೇಕಿನ ಹಿಡಿ ಹಿಡಿದು ನಿಂತಿದ್ದಾನೆ.
'ಹೆಂಗೈತಣ್ಣಾ?'
ಕಂಬಿ ಎತ್ತಲು ಬಂದವನ ಕೈ ತಡೆದೆ.
ಕತ್ತು ನೀವಿಕೊಳ್ಳುತ್ತ
'ಇನ್ನೊಂದ್ಸಲ' ಅಂದೆ.